ಕ್ಯಾಮೆರಾ ಇಲ್ಲದೆ, ಜಿಪಿಎಸ್ ಮತ್ತು ಮ್ಯಾಪ್‌ನಿಂದಲೇ ಲಾರಿ ಲೇನ್ ಬಿಡುವುದು ಗೊತ್ತಾಗುತ್ತಾ?

ಮಲೆನಾಡದಾರಿ:
ನಮ್ಮಣ್ಣ ಹಾಸನದಿಂದ ಮಂಗಳೂರಿಗೆ ಲಾರಿ ಓಡಿಸುತ್ತಾನೆ, ಹೆಚ್ಚಾಗಿ ರಾತ್ರಿ ಹೊತ್ತು. ಹೋದ ತಿಂಗಳು ಬೆಳಗಿನ ಜಾವ ಒಂದು ಕ್ಷಣ ತೂಕಡಿಸಿದ್ದಾನೆ. ಎಡಗಡೆ ಚಕ್ರ ಮಣ್ಣಿಗಿಳಿದು ದಡಬಡ ಅಂದಾಗಲೇ ಎಚ್ಚರ ಆಗಿದ್ದು. ಅವತ್ತಿನಿಂದ ಅವನು ಮನೆಗೆ ಬರುವವರೆಗೂ ಅಮ್ಮ ಮಲಗುವುದಿಲ್ಲ. ಗಾಜಿಗೆ ಕ್ಯಾಮೆರಾ ಹಾಕಿಸಿದೆವು, ಮಳೆ ಬಂದರೆ ಅದಕ್ಕೆ ಬಿಳಿ ಗೆರೆ ಕಾಣಲ್ಲ, ಎಷ್ಟೋ ಕಡೆ ಗೆರೆಯೇ ಅಳಿಸಿಹೋಗಿದೆ. ಜಿಪಿಎಸ್ ಇಟ್ಟುಕೊಂಡು ಏನಾದರೂ ಮಾಡಬಹುದಾ? ಪ್ರೋಗ್ರಾಮಿಂಗ್ ಸ್ವಲ್ಪ ಬರುತ್ತದೆ.

ಸರ್ವೆಚೈನು:
ಕಷ್ಟ ಇದೆ ಸರ್. ಫೋನಿನ ಜಿಪಿಎಸ್ ಬಯಲಲ್ಲೇ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಹೆದ್ದಾರಿ ಲೇನ್ ಅಗಲವೇ 3.5 ಮೀಟರ್, ಅಲ್ವಾ? ನಾವು ಸರ್ವೆಗೆ ಆರ್‌ಟಿಕೆ ಬಳಸುತ್ತೇವೆ. ಗೊತ್ತಿರುವ ಜಾಗದಲ್ಲಿ ಕೂತ ಒಂದು ರಿಸೀವರ್, ತಪ್ಪು ಎಷ್ಟಿದೆ ಅಂತ ಇನ್ನೊಂದಕ್ಕೆ ಹೇಳುತ್ತಾ ಇರುತ್ತದೆ, ಆಗ ಕೆಲವೇ ಸೆಂಟಿಮೀಟರ್‌ಗೆ ಬರುತ್ತದೆ. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು, ಮ್ಯಾಪ್ ಕೂಡ ಅಷ್ಟೇ ಸರಿಯಾಗಿ ಇರಬೇಕು. ಶಿರಾಡಿ ಘಾಟಿಯಲ್ಲಿ ಎಲ್ಲಿಂದ ತರುತ್ತೀರಿ?

ಗಾಲಿಲೆಕ್ಕ:
ಸರ್ವೆಯವರು ಹೇಳಿದ್ದು ನಿಜ. ಆದರೆ ನಿಮಗೆ ಬೇಕಿರುವುದು ಲಾರಿ ಎಲ್ಲಿದೆ ಅಂತಲ್ಲ, ಯಾವ ಕಡೆ ಸರಿಯುತ್ತಿದೆ ಅಂತ. ಈ ಸೆಕೆಂಡಿನಲ್ಲಿ ಜಿಪಿಎಸ್ 4 ಮೀಟರ್ ಎಡಕ್ಕೆ ತಪ್ಪಿದ್ದರೆ ಮುಂದಿನ ಸೆಕೆಂಡಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ತಪ್ಪಿರುತ್ತದೆ, ಹಾಗಾಗಿ ಜಾಗ ತಪ್ಪಿದರೂ ಹೋಗುತ್ತಿರುವ ದಿಕ್ಕು ಚೆನ್ನಾಗಿಯೇ ಸಿಗುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಮಾಮೂಲಿ ಜಿಪಿಎಸ್‌ನಲ್ಲೇ ಈ ದಾರಿ ಹಿಡಿದಿದ್ದಾರೆ. ರಸ್ತೆಯ ದಿಕ್ಕಿಗೂ ಲಾರಿಯ ದಿಕ್ಕಿಗೂ ಎಷ್ಟು ವ್ಯತ್ಯಾಸ ಅಂತ ನೋಡಿ, ಅದರಿಂದ ಪಕ್ಕಕ್ಕೆ ಎಷ್ಟು ಸರಿಯಿತು ಅಂತ ಕೂಡಿಸುತ್ತಾ ಹೋಗುವುದು.

ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರ್. 1 ಡಿಗ್ರಿ ವಾಲಿದರೆ ಪಕ್ಕಕ್ಕೆ ಸೆಕೆಂಡಿಗೆ 29 ಸೆಂ.ಮೀ. ಲಾರಿ ಅಗಲ 2.5 ಮೀಟರ್ ಅಂದುಕೊಂಡರೆ ಎರಡೂ ಕಡೆ ಉಳಿಯುವುದು ಅರ್ಧ ಮೀಟರ್. ಎರಡು ಸೆಕೆಂಡ್ ಒಳಗೆ ಚಕ್ರ ಗೆರೆ ದಾಟಿರುತ್ತದೆ! ಸೆಕೆಂಡಿಗೆ 10 ಸಲ ಓದುವ ರಿಸೀವರ್ ತಗೊಳ್ಳಿ.

ಜನರೇ ಸೇರಿ ಮಾಡಿದ ಉಚಿತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆ ಅಂದರೆ ಚುಕ್ಕೆಗಳನ್ನು ಸೇರಿಸಿದ ನೇರ ಗೆರೆಗಳು. ತಿರುವಿನಲ್ಲಿ ದಿಕ್ಕು ಜಿಗಿಯುತ್ತದೆ, ಅಲಾರಂ ಸುಮ್ನೆ ಕೂಗಿಕೊಳ್ಳುತ್ತದೆ. ಅದರ ಬದಲು ನಿಮ್ಮಣ್ಣ ಎಂಟು ಹತ್ತು ಸಲ ಹೋಗಿಬಂದ ದಾಖಲೆಯಿಂದಲೇ ರಸ್ತೆಯ ದಿಕ್ಕು ತೆಗೆಯಿರಿ.

ಮಲೆನಾಡದಾರಿ:
ಭಾನುವಾರ ನಮ್ಮ ಕಾರಿನಲ್ಲೇ ಸಕಲೇಶಪುರ ದಾಟಿ ಘಾಟಿಯವರೆಗೆ ಹೋಗಿ ನೋಡಿದೆ. ಬೇಕಂತಲೇ ಲೇನ್ ಬದಲಿಸಿದಾಗ ಗ್ರಾಫಿನಲ್ಲಿ ಗೆರೆ ಮೆಟ್ಟಿಲಿನ ಹಾಗೆ ಎದ್ದು ಕಂಡಿತು, ಖುಷಿಯಾಯಿತು. ಇಂಡಿಕೇಟರ್ ವೈರನ್ನೂ ಸೇರಿಸಬೇಕು, ಇಲ್ಲದಿದ್ದರೆ ಓವರ್‌ಟೇಕ್ ಮಾಡಿದಾಗಲೆಲ್ಲ ಕೂಗುತ್ತದೆ. ಘಾಟಿಯ ಮರಗಳ ಕೆಳಗೆ ಮಾತ್ರ ಎಲ್ಲ ಕಲಸಿಹೋಯಿತು.

ಹತ್ತುಚಕ್ರ:
22 ವರ್ಷದಿಂದ ಓಡಿಸುತ್ತಿದ್ದೇನೆ. ಘಾಟಿಯಲ್ಲಿ ನಿದ್ದೆ ಬರಲ್ಲಪ್ಪ, ಸ್ಟೇರಿಂಗ್ ತಿರುಗಿಸಿಯೇ ಕೈ ಸೋಲುತ್ತದೆ. ಕಣ್ಣು ಎಳೆಯುವುದು ನೇರ ರಸ್ತೆಯಲ್ಲಿ, ಬೆಳಗಿನ ಜಾವ 3ರಿಂದ 5ರ ಒಳಗೆ. ಅಲ್ಲಿ ಕೆಲಸ ಮಾಡಿದರೆ ಸಾಕು. ಇನ್ನೊಂದು ಮಾತು, ಬೀಪ್ ಬೇಡ. ಇಂಜಿನ್ ಸದ್ದಿನಲ್ಲಿ ಕೇಳಿಸಲ್ಲ. ಸೀಟಿನ ಕೆಳಗೆ ನಡುಗುವ ಮೋಟಾರ್ ಹಾಕಿಸು.