ಸಹಾಯ ಬೇಕು: ದೊಡ್ಡ ಟರ್ಬೊ ಹಾಕಿಸಿದರೂ ಬೂಸ್ಟ್ ಸಾಲುತ್ತಿಲ್ಲ, ಲಾಗ್ ನೋಡಿ ಹೇಳ್ತೀರಾ?

ನನ್ನ 1.8 ಲೀಟರ್ ಪೆಟ್ರೋಲ್ ಕಾರಿಗೆ ಹೋದ ತಿಂಗಳು ದೊಡ್ಡ ಟರ್ಬೊ ಹಾಕಿಸಿದೆ. ಭಾನುವಾರ ಬೆಳಗಿನ ಜಾವ ನೈಸ್ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಲಾಗ್ (ಓಡುವಾಗಿನ ಎಂಜಿನ್ ಅಂಕಿಗಳ ದಾಖಲೆ) ತೆಗೆದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೇಳುವ ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ, 2.2 ಬಾರ್, ಸಿಗುವುದು 1.9. ಎರಡೂ ಅಬ್ಸಲ್ಯೂಟ್ ಲೆಕ್ಕ (ಹೊರಗಿನ ಗಾಳಿಯ ಒತ್ತಡವೂ ಸೇರಿ), ಗೇಜ್ ಅಲ್ಲ. 4,500 ಆರ್‌ಪಿಎಂ ದಾಟಿದರೆ ವೇಸ್ಟ್‌ಗೇಟ್ (ಟರ್ಬೊಗೆ ಹೋಗದಂತೆ ಹೊಗೆಯನ್ನು ಹೊರಬಿಡುವ ಕವಾಟ) ಮುಚ್ಚಿಡಲು ಇಸಿಯು ಕೊಡುವ ಡ್ಯೂಟಿ 95% ಮುಟ್ಟುತ್ತದೆ, ಆದರೂ ಬೂಸ್ಟ್ ಏರುವುದಿಲ್ಲ.

ಹಾಕಿಕೊಟ್ಟವರು "ಬೆಂಗಳೂರು ಎತ್ತರದಲ್ಲಿದೆ ಸಾರ್, ಅಷ್ಟೇ" ಅಂತಾರೆ. ಸರಿ, 900 ಮೀಟರ್ ಎತ್ತರ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 0.9 ಬಾರ್. ಆದರೆ ಅದೊಂದಕ್ಕೇ ಬೂಸ್ಟ್ ಇಷ್ಟೊಂದು ಕಡಿಮೆ ಆಗುತ್ತಾ? ನನಗ್ಯಾಕೋ ಸೋರಿಕೆ ಅಂತಲೇ ಅನುಮಾನ. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣ್ಣಗಾಗಿಸುವ ಭಾಗ) ಪೈಪಿನ ಕ್ಲಾಂಪ್ ಮುಟ್ಟಿದರೆ ಬೆರಳಿಗೆ ಎಣ್ಣೆ ಜಿಡ್ಡು ಅಂಟುತ್ತದೆ, ಅಲ್ಲೇ ಗಾಳಿ ಸೋರುತ್ತಿರಬಹುದು.

ಮೊದಲು ಸ್ಮೋಕ್ ಟೆಸ್ಟ್ (ಪೈಪಿನೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವುದು) ಮಾಡಿಸಲಾ, ಇಲ್ಲ ಆಕ್ಚುಯೇಟರ್ ಪ್ರಿಲೋಡ್ (ವೇಸ್ಟ್‌ಗೇಟ್ ಮುಚ್ಚಿಡುವ ಸ್ಪ್ರಿಂಗ್‌ನ ಬಿಗಿ) ನೋಡಿಸಲಾ? ಗೊತ್ತಿರುವವರು ಹೇಳಿ, ಪೂರ್ತಿ ಲಾಗ್ ಕಳಿಸುತ್ತೇನೆ.