ಹಳೆ ಮಾನಿಟರ್: ಲೈಟ್ ಮಿಟುಕುತ್ತೆ, ಪರದೆ ಬರ್ತಿಲ್ಲ. ರಿಪೇರಿ ಮಾಡಿದವರು ಹೇಳಿ

ಕೇಳಿದವರು, ದಾವಣಗೆರೆ ವಿದ್ಯಾನಗರ

ಮನೆಯಲ್ಲಿ 17 ಇಂಚಿನ ಹಳೆ ಎಲ್‌ಸಿಡಿ ಮಾನಿಟರ್ ಇದೆ. ಮಗಳು ಅದರಲ್ಲೇ ಕನ್ನಡ ಟೈಪಿಂಗ್ ಕಲಿಯುತ್ತಿದ್ದಾಳೆ. ಮೂರು ತಿಂಗಳಿಂದ ಸ್ವಿಚ್ ಹಾಕಿದರೆ ಹಸಿರು ಲೈಟ್ ಮಿಟುಕುತ್ತಿತ್ತು, ಹತ್ತು ನಿಮಿಷ ಬಿಟ್ಟು ಪರದೆ ಬರುತ್ತಿತ್ತು. ಈಗ ಅರ್ಧ ಗಂಟೆ ಕಾದರೂ ಇಲ್ಲ. ಅಂಗಡಿಯಲ್ಲಿ ಬಿಚ್ಚದೇನೆ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ನನಗೆ ಸೋಲ್ಡರಿಂಗ್ ಸ್ವಲ್ಪ ಬರುತ್ತೆ, ಮಲ್ಟಿಮೀಟರ್ ಇದೆ. ಎಲ್ಲಿಂದ ಶುರು ಮಾಡಲಿ?

ನಿಟ್ಟುವಳ್ಳಿಯಿಂದ

ಸರ್, ದಯವಿಟ್ಟು ಎಸೆಯಬೇಡಿ. ನನ್ನ ಮಾನಿಟರ್‌ಗೂ ಇದೇ ಆಗಿತ್ತು. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಆಮೇಲೆ ಬರೋದೇ ಇಲ್ಲ. ಪವರ್ ಬೋರ್ಡಿನ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ, ಸಣ್ಣ ಡಬ್ಬಿಯಂಥ ಭಾಗ) ಸೊರಗಿದಾಗ ಹೀಗೇ ಆಗುತ್ತೆ. ಅದರೊಳಗಿನ ದ್ರವ ವರ್ಷಗಟ್ಟಲೆ ಬಿಸಿಗೆ ಒಣಗುತ್ತಾ ಬರುತ್ತೆ. ತಣ್ಣಗಿದ್ದಾಗ ಕೈ ಕೊಡುತ್ತೆ, ಸ್ವಲ್ಪ ಬಿಸಿಯಾದ ಮೇಲೆ ಹೇಗೋ ಎಳೆದುಕೊಂಡು ಹೋಗುತ್ತೆ. ನಿಮ್ಮದು ಕಾದರೆ ಬರುತ್ತಿದ್ದದ್ದು ಅದಕ್ಕೇ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ, ಬಿಸಿ 10 ಡಿಗ್ರಿ ಜಾಸ್ತಿಯಾದರೆ ಇವುಗಳ ಆಯಸ್ಸು ಸುಮಾರು ಅರ್ಧ ಆಗುತ್ತೆ.

ಬಿಚ್ಚುವ ಮೊದಲು ಒಂದು ಕೆಲಸ. ಕಂಪ್ಯೂಟರಿನಿಂದ ಬರುವ ಕೇಬಲ್ ತೆಗೆದು ಮಾನಿಟರ್ ಒಂದನ್ನೇ ಆನ್ ಮಾಡಿ. ಕೇಬಲ್ ಇಲ್ಲ, ಸಿಗ್ನಲ್ ಇಲ್ಲ ಅಂತ ಏನಾದರೂ ಪರದೆ ಮೇಲೆ ಬಂದರೆ ತಪ್ಪು ಕಂಪ್ಯೂಟರ್ ಕಡೆಯದು. ಕೆಲವು ಮಾನಿಟರ್ ಸಿಗ್ನಲ್ ಸಿಗದಿದ್ದರೂ ಲೈಟ್ ಮಿಟುಕಿಸುತ್ತವೆ. ಪರದೆ ಕಪ್ಪಗಿದ್ದರೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಅಕ್ಷರ ಮಬ್ಬಾಗಿ ಕಂಡರೆ ಪರದೆಯ ಹಿಂಬದಿಯ ಬೆಳಕು ಅಥವಾ ಅದಕ್ಕೆ ಕರೆಂಟು ಕೊಡುವ ಇನ್ವರ್ಟರ್ ಬೋರ್ಡ್ ಹೋಗಿರುತ್ತೆ. ಅದು ಬೇರೆ ಕಥೆ.

ಇನ್ನು ಬಿಚ್ಚೋದು. ಪ್ಲಗ್ ಪೂರ್ತಿ ಕಿತ್ತು ಪಕ್ಕಕ್ಕಿಡಿ. ಸ್ಟ್ಯಾಂಡಿನ ಸ್ಕ್ರೂ ತೆಗೆದ ಮೇಲೆ ಸುತ್ತಲ ಚೌಕಟ್ಟು ಲಾಕ್ ಮೇಲೆ ನಿಂತಿರುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮುರಿಯುತ್ತೆ. ನಾನು ಹಳೆ ಎಟಿಎಂ ಕಾರ್ಡ್ ತೂರಿಸಿ ಒಂದೊಂದೇ ಬಿಡಿಸಿದೆ. ಬಟನ್ನಿನ ವೈರು, ಬೆಳಕಿನ ಗುಲಾಬಿ–ಬಿಳಿ ವೈರು ಎಳೆಯಬೇಡಿ. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೋ ತೆಗೆಯಿರಿ.

ಈಗ ಹೇಳೋದನ್ನು ಮಾತ್ರ ಎರಡು ಸಲ ಓದಿ. ಬೋರ್ಡ್ ಮೇಲೆ ಒಂದೇ ಒಂದು ದಪ್ಪ ಕೆಪಾಸಿಟರ್ ಇರುತ್ತೆ, ಮೈಮೇಲೆ 400 ಅಥವಾ 450 ವೋಲ್ಟ್ ಅಂತ ಬರೆದಿರುತ್ತೆ. ನಮ್ಮ 230 ವೋಲ್ಟ್ ಕರೆಂಟು ಅದರಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತೆ. ಪ್ಲಗ್ ತೆಗೆದ ಮೇಲೂ ಇರಬಹುದು! ಮೀಟರನ್ನು 600 ಅಥವಾ 1000 ಡಿಸಿ ರೇಂಜಿಗೆ ಇಟ್ಟು ಅಳೆಯಿರಿ. ಉಳಿದಿದ್ದರೆ ಹೋಲ್ಡರಿನಲ್ಲಿ ಹಳೆ ಫಿಲಮೆಂಟ್ ಬಲ್ಬ್ ಹಾಕಿ ಅದರ ಎರಡು ವೈರನ್ನು ಆ ಕೆಪಾಸಿಟರಿನ ಎರಡು ಕಾಲುಗಳಿಗೆ ಮುಟ್ಟಿಸಿ ವೋಲ್ಟ್ ಇಳಿಸಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಲೇಬೇಡಿ. ಮತ್ತೆ ಅಳೆದು, ಸೊನ್ನೆ ಹತ್ತಿರ ಬಂದ ಮೇಲಷ್ಟೇ ಕೈ ಹಾಕಿ.

ಆಮೇಲೆ ಸಣ್ಣ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ನನ್ನದರಲ್ಲಿ ಎರಡು ಮಂಡಕ್ಕಿ ಹಾಗೆ ಉಬ್ಬಿದ್ದವು, ಒಂದರ ತಲೆಯ ಗೀರಿನಲ್ಲಿ ಕಂದು ಬಣ್ಣದ ಪುಡಿ ಕಟ್ಟಿತ್ತು. ಬೆರಳು ಸವರಿದರೆ ಗಡ್ಡೆ ತರ ತಾಗುತ್ತಿತ್ತು. ಎರಡೂ 25 ವೋಲ್ಟಿನ 1000 ಮೈಕ್ರೋಫ್ಯಾರಡ್. ಹೊಸದು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿ ಬಿಸಿ ತಡೆಯುವಂಥದ್ದು. ಅಂಗಡಿಯಲ್ಲಿ ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವುದು) ಅಂತಲೇ ಕೇಳಿ. 85 ಡಿಗ್ರಿಯದು ಕೊಟ್ಟರೆ ತಗೋಬೇಡಿ, ಬೇಗ ಮತ್ತೆ ಅದೇ ಪಾಡು. ಪಟ್ಟೆ ಇರುವ ಕಡೆ ಮೈನಸ್. ಹಳೆಯದು ಹೇಗಿತ್ತೋ ಹಾಗೇ ಕೂರಿಸಿ, ಬೋರ್ಡಿನ ಗುರುತು ಒಂದನ್ನೇ ನಂಬಬೇಡಿ. ಉಬ್ಬಿದ್ದು ಎರಡೇ ಆದರೂ ಆ ಸಾಲಿನ ಅಷ್ಟನ್ನೂ ಬದಲಾಯಿಸಿ. ಉಬ್ಬದೇನೂ ಒಣಗಿರುತ್ತವೆ.

ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯಿಂದ

ಅಣ್ಣಾ, ಮೇಲೆ ಹೇಳಿದ್ದೆಲ್ಲ ಸರಿ. ಒಂದೇ ಸೇರಿಸುತ್ತೇನೆ. ಲೈಟೇ ಬರದೆ, ಫ್ಯೂಸ್ ಸುಟ್ಟಿದ್ದರೆ ವೈರ್ ಸುತ್ತಿ ಆನ್ ಮಾಡಬೇಡಿ. ಫ್ಯೂಸ್ ಸುಮ್ನೆ ಹೋಗಲ್ಲ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಡಯೋಡ್ ಅಥವಾ ಸ್ವಿಚ್ ತರ ಕೆಲಸ ಮಾಡುವ ಮಾಸ್‌ಫೆಟ್ ಶಾರ್ಟ್ ಆಗಿರುತ್ತೆ, ಮೀಟರಿನ ಬೀಪ್ ಮೋಡಿನಲ್ಲಿ ಗೊತ್ತಾಗುತ್ತೆ. ರಿಪೇರಿ ಮುಗಿದ ಮೇಲೆ ಮೊದಲ ಸಲ 100 ವ್ಯಾಟಿನ ಫಿಲಮೆಂಟ್ ಬಲ್ಬ್ ಸೀರೀಸಿನಲ್ಲಿ (ಮಾನಿಟರಿಗೆ ಕರೆಂಟು ಬಲ್ಬಿನ ಮೂಲಕವೇ ಹೋಗುವ ಹಾಗೆ) ಹಾಕಿ ಕರೆಂಟು ಕೊಡಿ. ಬಲ್ಬ್ ಒಮ್ಮೆ ಮಿಂಚಿ ಮಬ್ಬಾದರೆ ಪರವಾಗಿಲ್ಲ. ಪೂರ್ತಿ ಉರಿಯುತ್ತಾ ನಿಂತರೆ ಇನ್ನೂ ಶಾರ್ಟ್ ಇದೆ.

ಹರಿಹರದಿಂದ

ನಮ್ಮದು ಹೊರಗೆ ಅಡಾಪ್ಟರ್ ಇರುವ ಮಾನಿಟರ್. ಸುಮ್ನೆ ಬಿಚ್ಚಿ ಎರಡು ದಿನ ಒದ್ದಾಡಿದೆವು, ಕೊನೆಗೆ ಹೋಗಿದ್ದು ಅಡಾಪ್ಟರ್. ಹಾಗಿದ್ದವರು ಮೊದಲು ಅದನ್ನೇ ಅಳೆಯಿರಿ. ಕೆಲವಕ್ಕೆ 12, ಕೆಲವಕ್ಕೆ 14, ಕೆಲವಕ್ಕೆ 19 ವೋಲ್ಟ್. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಇನ್ನೊಂದು, ಹಳೆ ಡಬ್ಬಾ ಮಾನಿಟರ್ (ಗಾಜಿನ ಟ್ಯೂಬ್ ಇರುವ ದಪ್ಪನೆಯದು) ಇಟ್ಟುಕೊಂಡವರು ಇದನ್ನು ಓದಿ ಬಿಚ್ಚಬೇಡಿ. ಆ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿಗೂ ಜಾಸ್ತಿ ಇರುತ್ತೆ. ಗೊತ್ತಿರುವವರ ಹತ್ತಿರವೇ ಕೊಡಿ.

ಕೇಳಿದವರು, ವಿದ್ಯಾನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬಿಚ್ಚಿದೆ. ದಪ್ಪ ಕೆಪಾಸಿಟರಿನಲ್ಲಿ ಇನ್ನೂ 90 ವೋಲ್ಟ್ ಇತ್ತು, ನೀವು ಹೇಳದೇ ಇದ್ದಿದ್ದರೆ ಕೈ ಇಟ್ಟುಬಿಡುತ್ತಿದ್ದೆ. ಮೂರು ಉಬ್ಬಿದ್ದವು, ಐದು ಬದಲಾಯಿಸಿದೆ. ಒಟ್ಟು 60 ರೂಪಾಯಿ ಆಯಿತು. ಸ್ವಿಚ್ ಹಾಕಿದ ತಕ್ಷಣ ಪರದೆ ಬಂತು, ಮಗಳು ಆಗಲೇ ಟೈಪಿಂಗಿಗೆ ಕೂತಿದ್ದಾಳೆ. ಒಂದು ಕೆಪಾಸಿಟರ್ ಎತ್ತರ ಜಾಸ್ತಿಯಾಗಿ ಮುಚ್ಚಳ ಕೂರಲಿಲ್ಲ, ಅಡ್ಡ ಮಲಗಿಸಿ ಹಾಕಿದ್ದೇನೆ. ನಡೆಯುತ್ತಲ್ವಾ?

ನಿಟ್ಟುವಳ್ಳಿಯಿಂದ

ನಡೆಯುತ್ತೆ ಸರ್, ಬಹಳ ಖುಷಿಯಾಯಿತು. ಕಾಲುಗಳಿಗೆ ಪ್ಲಾಸ್ಟಿಕ್ ಸ್ಲೀವ್ ಹಾಕಿ, ಒಂದಕ್ಕೊಂದು ತಾಗಬಾರದು. ಪಕ್ಕದಲ್ಲಿ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿಗೆ ಮೈ ತಾಗದ ಹಾಗೆ ಆಚೆ ಕಡೆಗೆ ಮಲಗಿಸಿ.