ಶೈಕ್ಷಣಿಕ ಜಿಲ್ಲೆಯ ವಾರ್ಷಿಕ ಗುರಿ ‘ಮೊದಲ ಹತ್ತರೊಳಗೆ’ ಎಂದಿದ್ದರೆ ಪೋಷಕರು ಏನು ಕೇಳಬೇಕು?

ಪ್ರಶ್ನೆ: ಪೋಷಕ ಸದಸ್ಯ (ನವೆಂಬರ್ 2025)

ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನು ಪೋಷಕರ ಪರವಾಗಿ ಸದಸ್ಯನಾಗಿದ್ದೇನೆ. ದಸರಾ ರಜೆಯ ನಂತರ ನಡೆದ ಸಭೆಯಲ್ಲಿ ಜಿಲ್ಲೆಯ ಈ ಸಾಲಿನ ಶೈಕ್ಷಣಿಕ ಪ್ರಗತಿ ಮತ್ತು ಗುರಿಗಳನ್ನು ಓದಿ ಹೇಳಿದರು. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯದ ಮೊದಲ ಹತ್ತರೊಳಗೆ ಬರಬೇಕು ಎಂಬುದು ಮುಖ್ಯ ಗುರಿ. ಅದಕ್ಕಾಗಿ ವಿಶೇಷ ತರಗತಿ, ಸರಣಿ ಪರೀಕ್ಷೆ, ಗುಂಪು ಅಧ್ಯಯನ, ಮನೆ ಭೇಟಿ, ಹಿಂದುಳಿದ ಮಕ್ಕಳನ್ನು ಶಿಕ್ಷಕರು ದತ್ತು ಪಡೆಯುವುದು ಇತ್ಯಾದಿ ಕ್ರಮಗಳ ಪಟ್ಟಿಯಿತ್ತು.

2025ರ ಪರೀಕ್ಷೆ-1ರಲ್ಲಿ (ಆ ವರ್ಷದ ಮೂರು ಎಸ್‌ಎಸ್‌ಎಲ್‌ಸಿ ಪರೀಕ್ಷೆಗಳಲ್ಲಿ ಮೊದಲನೆಯದು) ಶೇ 91.12ರಷ್ಟು ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ಮೊದಲ ಸ್ಥಾನದಲ್ಲಿಯೂ ಶೇ 42.43ರೊಂದಿಗೆ ಕಲಬುರಗಿ ಕೊನೆಯ ಸ್ಥಾನದಲ್ಲಿಯೂ ಇದ್ದುದನ್ನು ಎಲ್ಲರೂ ಓದಿದ್ದೇವೆ. ಇಷ್ಟು ದೊಡ್ಡ ಅಂತರ ಇರುವಾಗ ಒಂದೇ ವರ್ಷದಲ್ಲಿ ಮೊದಲ ಹತ್ತರೊಳಗೆ ಬರುವುದೆಂದರೆ ಹೇಗೆ ಎಂದು ಕೇಳಿದ್ದಕ್ಕೆ, ಗುರಿ ದೊಡ್ಡದಾಗಿಯೇ ಇರಬೇಕು ಎಂಬ ಉತ್ತರ ಬಂತು. ಜಿಲ್ಲೆಯ ಪ್ರಗತಿಯನ್ನು ನಿಜವಾಗಿ ಅಳೆಯುವುದು ಹೇಗೆ, ಮುಂದಿನ ಸಭೆಯಲ್ಲಿ ನನ್ನಂಥವನು ಯಾವ ಪ್ರಶ್ನೆಗಳನ್ನು ಕೇಳಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ

ಸ್ಥಾನವನ್ನು ಗುರಿಯಾಗಿ ಇಟ್ಟುಕೊಂಡರೆ ಮೊದಲು ಎದುರಾಗುವ ತೊಡಕು, ಅದು ನಮ್ಮ ಕೈಯಲ್ಲಿಲ್ಲ ಎಂಬುದು. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಬೆಂಗಳೂರು ನಗರ ಜಿಲ್ಲೆ ಉತ್ತರ ಮತ್ತು ದಕ್ಷಿಣವಾಗಿ ಒಡೆದಿದೆ. ಚಿಕ್ಕೋಡಿ, ಶಿರಸಿ, ಮಧುಗಿರಿಗಳಿಗೆ ಶಿಕ್ಷಣ ಇಲಾಖೆಯ ಪ್ರತ್ಯೇಕ ಉಪನಿರ್ದೇಶಕರಿದ್ದಾರೆ. ಈ 35ರಲ್ಲಿ ಮೊದಲ ಹತ್ತು ಸ್ಥಾನಗಳನ್ನು ಹತ್ತೇ ಜಿಲ್ಲೆಗಳು ಪಡೆಯಬಲ್ಲವು. ಎಲ್ಲ ಉಪನಿರ್ದೇಶಕರೂ ಅದೇ ಗುರಿಯನ್ನು ಬರೆದುಕೊಂಡರೆ ಇಪ್ಪತ್ತೈದು ಜಿಲ್ಲೆಗಳು ಎಷ್ಟೇ ದುಡಿದರೂ ಸೋತಂತೆಯೇ ಲೆಕ್ಕ.

ಇನ್ನು ಶೇಕಡಾವಾರು ಅಂಕಿಯ ವಿಚಾರ. ರಾಜ್ಯದ ಫಲಿತಾಂಶ 2022ರಲ್ಲಿ ಶೇ 85.63, 2023ರಲ್ಲಿ ಶೇ 83.89, 2024ರಲ್ಲಿ ಶೇ 73.40, 2025ರಲ್ಲಿ ಶೇ 62.34. ಇದನ್ನು ಮಾತ್ರ ನೋಡಿದವರು ಮಕ್ಕಳ ಕಲಿಕೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ ಎಂದುಕೊಳ್ಳುತ್ತಾರೆ. ಆದರೆ ಈ ಅವಧಿಯಲ್ಲಿ ಬದಲಾದದ್ದು ಪರೀಕ್ಷೆಯ ಸ್ವರೂಪವೇ ಆಗಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಆರಂಭಿಸಿದ ಮೇಲೆ ನಕಲಿಗೆ ಕಡಿವಾಣ ಬಿತ್ತು. ಫಲಿತಾಂಶ ತೀರಾ ಕುಸಿಯುವ ಸೂಚನೆ ಕಂಡಾಗ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಅರ್ಹತಾ ಅಂಕವನ್ನೂ ಶೇ 35ರಿಂದ ಶೇ 25ಕ್ಕೆ ಇಳಿಸಿದರು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ. 2023ರಲ್ಲಿ ಶೇ 96.8ರಷ್ಟು ಪಡೆದು ರಾಜ್ಯಕ್ಕೇ ಪ್ರಥಮವಾಗಿದ್ದ ಚಿತ್ರದುರ್ಗ ಮರುವರ್ಷ ಮೊದಲ ಐದರಲ್ಲಿಯೂ ಕಾಣಿಸಲಿಲ್ಲ. ಅಲ್ಲಿನ ಮಕ್ಕಳು ಹನ್ನೆರಡು ತಿಂಗಳಲ್ಲಿ ಓದು ಮರೆತರೆಂದು ಯಾರಾದರೂ ನಂಬುತ್ತಾರೆಯೇ?

ಬರುವ ಪರೀಕ್ಷೆಗೆ ನಿಯಮ ಮತ್ತೆ ಬದಲಾಗಿದೆ. ಉತ್ತೀರ್ಣರಾಗಲು ಒಟ್ಟು 625ರಲ್ಲಿ ಶೇ 33, ಅಂದರೆ 206 ಅಂಕ ಸಾಕು. ಪ್ರತಿ ವಿಷಯದಲ್ಲಿ ಆಂತರಿಕ ಮೌಲ್ಯಮಾಪನವೂ ಸೇರಿ ಕನಿಷ್ಠ ಶೇ 30 ಇರಬೇಕು ಎಂದು ಕಳೆದ ತಿಂಗಳು ಪ್ರಕಟಿಸಿದ್ದಾರೆ. ಹಾಗಾಗಿ ಮುಂದಿನ ವರ್ಷ ನಿಮ್ಮ ಜಿಲ್ಲೆಯ ಅಂಕಿ ಒಂದಿಷ್ಟು ಏರಿದರೆ ಅದರಲ್ಲಿ ಹೊಸ ನಿಯಮದ ಪಾಲೆಷ್ಟು, ಶಾಲೆಗಳ ಪಾಲೆಷ್ಟು ಎಂದು ಕೇಳದೆ ಸಿಹಿ ಹಂಚಬೇಡಿ.

ಭಾಜಕವನ್ನೂ, ಅಂದರೆ ಯಾರನ್ನೆಲ್ಲ ಲೆಕ್ಕಕ್ಕೆ ಹಿಡಿದು ಭಾಗಿಸಿದ್ದಾರೆ ಎಂಬುದನ್ನೂ ಕೇಳಿಕೊಳ್ಳಿ. 2025ರಲ್ಲಿ ಪುನರಾವರ್ತಿತರು, ಖಾಸಗಿ ಅಭ್ಯರ್ಥಿಗಳು ಎಲ್ಲರೂ ಸೇರಿದಾಗ ಶೇ 62.34 ಇದ್ದ ಅಂಕಿ, ಆ ವರ್ಷ ಶಾಲೆಯಲ್ಲಿ ಓದಿ ಮೊದಲ ಬಾರಿ ಬರೆದವರನ್ನಷ್ಟೇ ಲೆಕ್ಕ ಹಿಡಿದಾಗ ಶೇ 66.14 ಆಗುತ್ತಿತ್ತು. ಎರಡೂ ಸರಿಯಾದ ಅಂಕಿಗಳೇ. ಆದರೆ ಒಂದು ವರ್ಷ ಒಂದನ್ನೂ ಮರುವರ್ಷ ಇನ್ನೊಂದನ್ನೂ ಹಿಡಿದು ‘ಪ್ರಗತಿ’ ಎಂದು ತೋರಿಸುವವರನ್ನು ಇಲಾಖೆಯ ಸಭೆಗಳಲ್ಲಿ ನಾನು ಸಾಕಷ್ಟು ಕಂಡಿದ್ದೇನೆ.

ಆದ್ದರಿಂದ ನಾನು ಕೇಳುವುದಾದರೆ ಇದನ್ನು ಕೇಳುತ್ತೇನೆ: ಎರಡು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಲ್ಲಿ ಎಂಟನೆಯ ತರಗತಿಗೆ ದಾಖಲಾದ ಮಕ್ಕಳಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯಲ್ಲಿದ್ದಾರೆ, ಉಳಿದವರು ಎಲ್ಲಿ ಹೋದರು? ವಿದ್ಯಾರ್ಥಿಗಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ ಇರುವಾಗ ಈ ಲೆಕ್ಕ ತೆಗೆಯುವುದು ಕಷ್ಟದ ಕೆಲಸವಲ್ಲ. ಒಂಬತ್ತರಲ್ಲಿ ಶಾಲೆ ಬಿಟ್ಟ ಮಗು ಹತ್ತರ ಫಲಿತಾಂಶವನ್ನು ಕೆಡಿಸುವುದಿಲ್ಲ, ಸುಧಾರಿಸುತ್ತದೆ. ಶೇಕಡಾವಾರು ಗುರಿಯಲ್ಲಿ ಅಡಗಿರುವ ಅತಿ ದೊಡ್ಡ ಅಪಾಯ ಇದೇ.

ಉತ್ತರ: ಪ್ರೌಢಶಾಲಾ ಸಹಶಿಕ್ಷಕಿ, ಗಣಿತ

ಹಿರಿಯರು ಹೇಳಿದ್ದು ಸರಿ. ನಾನು ಈ ಭಾಗದಲ್ಲಿಯೇ ಪಾಠ ಮಾಡುತ್ತಿರುವುದರಿಂದ, ಕ್ರಿಯಾ ಯೋಜನೆಯ ಹಾಳೆಯಲ್ಲಿ ಜಾಗ ಸಿಗದ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಹತ್ತಿ ಬಿಡಿಸುವ ಕಾಲ ನವೆಂಬರ್‌ನಿಂದ ಜನವರಿಯವರೆಗೆ. ಪಠ್ಯ ಮುಗಿಸಿ ಪುನರಾವರ್ತನೆ ಆರಂಭಿಸಬೇಕಾದ ಕಾಲವೂ ಅದೇ. ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯಲ್ಲಿ ಆ ತಿಂಗಳುಗಳಲ್ಲಿ ಎಂಟು, ಒಂಬತ್ತರ ಹುಡುಗಿಯರ ಹಾಜರಿ ಪುಸ್ತಕ ತೆರೆದು ನೋಡಿದರೆ ಫಲಿತಾಂಶ ಯಾಕೆ ಹೀಗೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಮುಂಬೈ, ಹೈದರಾಬಾದುಗಳ ಕಡೆಗೆ ಗುಳೆ ಹೋಗುತ್ತವೆ. ದೊಡ್ಡ ಮಕ್ಕಳು ಜೊತೆಗೆ ದುಡಿಯಲು ಹೋದರೆ, ಅವರಿಗಿಂತ ಚಿಕ್ಕವರು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಹೋಗುತ್ತಾರೆ. ಫೆಬ್ರುವರಿಯಲ್ಲಿ ನಾವು ನಡೆಸುವ ರಾತ್ರಿ ತರಗತಿಯಿಂದ ಇದನ್ನು ಸರಿಪಡಿಸಲು ಆಗುವುದಿಲ್ಲ. ಗುಳೆ ಹೋಗುವ ಕುಟುಂಬದ ಮಕ್ಕಳು ಊರಲ್ಲೇ ಉಳಿದು ಓದಲು ಹಾಸ್ಟೆಲ್ ವ್ಯವಸ್ಥೆ ಎಷ್ಟು ಇದೆ, ಅದು ಯಾವ ತಿಂಗಳು ತೆರೆಯುತ್ತದೆ ಎಂದು ನಿಮ್ಮ ಸಭೆಯಲ್ಲಿ ಕೇಳಿ. ಜನ ಹೊರಟುಹೋದ ಮೇಲೆ ಮಂಜೂರಾತಿ ಬಂದರೆ ಪ್ರಯೋಜನವಿಲ್ಲ.

ಎರಡನೆಯದು ಶಿಕ್ಷಕರ ವಿಚಾರ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಏಳು ಜಿಲ್ಲೆಗಳಿಗೆ ಪ್ರತ್ಯೇಕ ನೇಮಕಾತಿ ಸಾಧ್ಯವಾಯಿತು, ನಿಜ. 2022ರಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ ಕಲಿಸುವ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಕರೆದಾಗ ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಮೀಸಲಾಗಿದ್ದವು. ಆದರೆ ವಿವಾಹಿತ ಮಹಿಳಾ ಅಭ್ಯರ್ಥಿಗಳ ಆದಾಯ ಪ್ರಮಾಣಪತ್ರ ತಂದೆಯದ್ದೋ ಗಂಡನದ್ದೋ ಎಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿ ನೇಮಕಾತಿ ತಡವಾಯಿತು. ಆರು, ಏಳು, ಎಂಟನೆಯ ತರಗತಿಗಳಲ್ಲಿ ಗಣಿತಕ್ಕೆ ಶಿಕ್ಷಕರೇ ಇಲ್ಲದೆ ಬಂದ ಮಗುವಿಗೆ ನಾನು ಒಂಬತ್ತರಲ್ಲಿ ಬಹುಪದೋಕ್ತಿ ಕಲಿಸಬೇಕು. ಆ ಮಗುವಿಗೆ ಭಿನ್ನರಾಶಿ ಕೂಡಲು ಬರುವುದಿಲ್ಲ. ಖಾಲಿ ಜಾಗದಲ್ಲಿ ಅತಿಥಿ ಶಿಕ್ಷಕರು ಬರುತ್ತಾರೆ, ಹಲವರು ಬಹಳ ಚೆನ್ನಾಗಿ ಕಲಿಸುತ್ತಾರೆ, ಆದರೆ ಅವರು ಬರುವುದು ಶಾಲೆ ತೆರೆದು ವಾರಗಳು ಕಳೆದ ಮೇಲೆ. ಹೀಗಾಗಿ ಜಿಲ್ಲೆಯ ಗುರಿಪಟ್ಟಿಯಲ್ಲಿ ಒಂದು ಸಾಲು ಹೀಗಿರಬೇಕೆಂದು ನನ್ನ ಆಸೆ: ಜೂನ್ ಮೊದಲ ವಾರದೊಳಗೆ ಎಲ್ಲ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಬೋಧಿಸಲು ಒಬ್ಬೊಬ್ಬರಾದರೂ ಇರುತ್ತಾರೆ. ಇದು ಜಿಲ್ಲೆಯ ಕೈಯಲ್ಲಿರುವ ಗುರಿ, ಮಾಡಿದರೋ ಇಲ್ಲವೋ ಎಂದು ಜೂನ್‌ನಲ್ಲಿಯೇ ಗೊತ್ತಾಗುತ್ತದೆ.

ಈ ವರ್ಷದ ಮಟ್ಟಿಗೆ ಇನ್ನೊಂದು ಮಾತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಕಳೆದುಹೋದ ಬೋಧನಾ ದಿನಗಳನ್ನು ಯಾವಾಗ ತುಂಬಿಕೊಡುತ್ತಾರೆ ಎಂಬುದು ಕ್ರಿಯಾ ಯೋಜನೆಯಲ್ಲಿ ದಿನಾಂಕ ಸಮೇತ ಇದೆಯೇ? ಪಾಠ ಆಧಾರಿತ ಮೌಲ್ಯಾಂಕನದ ಅಂಕಗಳನ್ನು ತುಂಬುವುದಕ್ಕೆ ಹೋಗುವ ಸಮಯವನ್ನೂ ಅದಕ್ಕೆ ಕೂಡಿಸಿಕೊಳ್ಳಿ.

ಉತ್ತರ: ಪದವಿಪೂರ್ವ ಕಾಲೇಜು ಉಪನ್ಯಾಸಕ

ಮೇಲಿನ ಇಬ್ಬರೂ ಉತ್ತೀರ್ಣ ಪ್ರಮಾಣವನ್ನು ಸ್ವಲ್ಪ ಹಗುರವಾಗಿ ಕಂಡಿದ್ದಾರೆ ಎಂದು ನನಗೆ ಅನಿಸುತ್ತದೆ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಪಾಸಾಗದ ಹುಡುಗಿಯ ಮುಂದೆ ಬಹಳಷ್ಟು ಸಲ ಉಳಿಯುವುದು ಮದುವೆಯ ಮಾತು. ಐಟಿಐ, ಡಿಪ್ಲೊಮಾ, ಪಿಯು ಎಲ್ಲಕ್ಕೂ ಅದೇ ಬಾಗಿಲು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಆಯ್ಕೆ ನಡೆಯುತ್ತದೆ. ‘ಪಾಸಿಂಗ್ ಪ್ಯಾಕೇಜ್’ ಎಂದು ನಾವು ನಗುವ ಆ ಕಿರುಹೊತ್ತಗೆಯನ್ನು ಉರುಹೊಡೆದು ಪಾಸಾದ ಮಗು ಮುಂದಿನ ಎರಡು ವರ್ಷ ಕಾಲೇಜಿನಲ್ಲಿ ಇರುತ್ತದೆ, ಅಷ್ಟಾದರೂ ಕಾಲ ಗಳಿಸುತ್ತದೆ. ಆದ್ದರಿಂದ ಶೇಕಡಾವಾರು ಗುರಿ ಇರಲಿ, ಸ್ಥಾನದ ಗುರಿ ಬೇಡ ಎಂಬುದು ನನ್ನ ನಿಲುವು.

ಆದರೆ ಆ ಗುರಿ ಪರೀಕ್ಷೆ-1ಕ್ಕೆ ನಿಂತುಹೋಗಬಾರದು. 2024 ಮತ್ತು 2025ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಿದ್ದವು, ಮಗು ಮೂರನ್ನೂ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದಿತ್ತು. ಜಿಲ್ಲೆಗಳ ನಡುವಿನ ಪೈಪೋಟಿಯೆಲ್ಲ ಮೊದಲನೆಯ ಪರೀಕ್ಷೆಯ ಪಟ್ಟಿಯ ಮೇಲೆ ನಡೆಯುವುದರಿಂದ, ಅದು ಮುಗಿದೊಡನೆ ಶಾಲೆಗಳಿಗೆ ಬೇಸಿಗೆ ರಜೆಯ ನಿದ್ದೆ ಹತ್ತುತ್ತದೆ. ಮೊದಲ ಸಲ ಅನುತ್ತೀರ್ಣರಾದವರಲ್ಲಿ ಎಷ್ಟು ಮಂದಿ ಪರೀಕ್ಷೆ-2ಕ್ಕೆ ನೋಂದಾಯಿಸಿದರು, ಎಷ್ಟು ಮಂದಿ ನಿಜವಾಗಿ ಬಂದು ಬರೆದರು, ಪಾಸಾದವರಲ್ಲಿ ಎಷ್ಟು ಮಂದಿ ಅದೇ ವರ್ಷ ಪಿಯುಗೆ ಸೇರಿದರು? ಶೇ 42 ಇರುವ ಜಿಲ್ಲೆಗೆ ನಿಜವಾದ ಸಾಧನೆ ಇಲ್ಲಿ ಸಾಧ್ಯ. ಅಲ್ಲಿ ಅನುತ್ತೀರ್ಣರಾದವರೇ ಅರ್ಧಕ್ಕಿಂತ ಹೆಚ್ಚು.

ಪ್ರಾಥಮಿಕ ಹಂತದ ಬಗ್ಗೆಯೂ ಒಂದು ಮಾತು. ಮೂರನೆಯ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂದು 2021ರಲ್ಲಿ ಆರಂಭವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ ಹೇಳುತ್ತದೆ, ಅದರ ಗಡುವು 2026-27. ಮೂರು, ಆರು, ಒಂಬತ್ತನೆಯ ತರಗತಿಗಳಲ್ಲಿ 2024ರ ಡಿಸೆಂಬರ್ 4ರಂದು ನಡೆದ ಪರಖ್ ಸರ್ವೇಕ್ಷಣೆ ಎಂಬ ರಾಷ್ಟ್ರೀಯ ಕಲಿಕಾ ಸಮೀಕ್ಷೆಯ ಜಿಲ್ಲಾವಾರು ವರದಿಯೂ ಇದೆ. ಸಭೆಯಲ್ಲಿ ಆ ವರದಿಯನ್ನು ಒಮ್ಮೆಯಾದರೂ ತೆರೆದಿದ್ದಾರೆಯೇ ಎಂದು ಕೇಳಿ.

ಮರುಪ್ರಶ್ನೆ: ಪೋಷಕ ಸದಸ್ಯ

ಮೂವರಿಗೂ ಧನ್ಯವಾದಗಳು. ಎಂಟರಿಂದ ಹತ್ತಕ್ಕೆ ಉಳಿದ ಮಕ್ಕಳ ಲೆಕ್ಕ, ಜೂನ್‌ನಲ್ಲಿ ವಿಷಯ ಶಿಕ್ಷಕರ ಲಭ್ಯತೆ, ಪರೀಕ್ಷೆ-2ಕ್ಕೆ ಹಾಜರಾದವರ ಸಂಖ್ಯೆ, ಈ ಮೂರನ್ನು ಲಿಖಿತವಾಗಿ ಕೇಳುತ್ತೇನೆ. ಗಣಿತ ಶಿಕ್ಷಕಿಯವರು ಹೇಳಿದ ನವೆಂಬರ್ ತಿಂಗಳ ಹಾಜರಿಯನ್ನು ನಮ್ಮ ಶಾಲೆಯಲ್ಲಿಯೇ ನಾವು ನೋಡಬಹುದು, ಅದಕ್ಕೆ ಜಿಲ್ಲೆಯವರೆಗೆ ಹೋಗಬೇಕಾಗಿಲ್ಲ. ಇಷ್ಟು ಹೇಳಿ: ವಿಷಯವಾರು ಫಲಿತಾಂಶ ವಿಶ್ಲೇಷಣೆಯನ್ನು ಸದಸ್ಯರಿಗೆ ತೋರಿಸಲು ಶಾಲೆ ಒಪ್ಪುತ್ತದೆಯೇ?

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ

ಮಕ್ಕಳ ಹೆಸರು ಮರೆಮಾಡಿ ಕೇಳಿದರೆ ಯಾವ ಮುಖ್ಯ ಶಿಕ್ಷಕರೂ ಇಲ್ಲವೆನ್ನಬಾರದು. ಪ್ರತಿ ಶಾಲೆಯೂ ಆ ತಖ್ತೆಯನ್ನು ಸಿದ್ಧಪಡಿಸಿ ಮೇಲೆ ಕಳುಹಿಸಿರುತ್ತದೆ. ನೋಡುವಾಗ ಆಂತರಿಕ ಅಂಕ ಮತ್ತು ಲಿಖಿತ ಅಂಕಗಳನ್ನು ಬೇರೆ ಬೇರೆ ನೋಡಿ. ಶಾಲೆಯೇ ನೀಡುವ 20ರಲ್ಲಿ ಎಲ್ಲರಿಗೂ 18, 19 ಬಂದಿದ್ದು, 80ರ ಲಿಖಿತ ಪರೀಕ್ಷೆಯಲ್ಲಿ ಅದೇ ಮಕ್ಕಳು ಹತ್ತು ಹನ್ನೆರಡರ ಆಸುಪಾಸಿನಲ್ಲಿದ್ದರೆ, ವರ್ಷವಿಡೀ ನಡೆಯಬೇಕಾಗಿದ್ದ ಮೌಲ್ಯಮಾಪನ ಹಾಳೆಯ ಮೇಲೆ ಮಾತ್ರ ನಡೆದಿದೆ ಎಂದರ್ಥ. ತಾಲ್ಲೂಕಿನ ಕ್ರೋಡೀಕೃತ ಪಟ್ಟಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೊದಲು ಪತ್ರ ಬರೆದು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, 30 ದಿನಗಳಲ್ಲಿ ಉತ್ತರಿಸಬೇಕು. ಪತ್ರವನ್ನು ಈ ತಿಂಗಳೇ ಕೊಟ್ಟರೆ ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ನಿಮ್ಮ ಕೈಯಲ್ಲಿ ಕಾಗದವಿರುತ್ತದೆ.